ಇಡಿಗಂಟು ಪಾಲಲ್ಲ

1997ರಲ್ಲಿ ನಮ್ಮ ತಂದೆ ತೀರಿಕೊಂಡ ಮೂರನೆಯ ತಿಂಗಳು ನನ್ನ ಇಬ್ಬರು ತಮ್ಮಂದಿರು ನನ್ನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದರು. ಹಕ್ಕು ಬಿಡುಗಡೆ ಪತ್ರ ಮೊದಲೇ ಸಿದ್ಧವಾಗಿತ್ತು. "ಅಕ್ಕಾ, ಇಲ್ಲೊಂದು ಸಹಿ ಹಾಕಿಬಿಡು, ಬಿಸಿಲು ಏರೋದ್ರೊಳಗೆ ಮನೆ ಸೇರ್ಕೊಳ್ಳೋಣ" ಎಂದ ದೊಡ್ಡವನು. ಅರಿಶಿನ-ಕುಂಕುಮಕ್ಕೆಂದು 25,000 ರೂಪಾಯಿ ನನಗೆ ಸಂದಿದೆ, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಆ ಆಸ್ತಿಯಲ್ಲಿ ಯಾವ ಹಕ್ಕೂ ಇರುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. 1994ರ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು, ನಿಜ. ಆದರೆ ಅದಕ್ಕೆ ಮೊದಲೇ ಮದುವೆಯಾದ ನನ್ನಂಥವರನ್ನು ಹೊರಗೆ ನಿಲ್ಲಿಸಿತ್ತು. ಹಾಗಿದ್ದೂ 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆಯ ಪಾಲಿನಲ್ಲಿ ನನಗೂ ಹಕ್ಕಿತ್ತು. ಇಲ್ಲದಿದ್ದರೆ ನನ್ನ ಸಹಿ ಅವರಿಗೆ ಯಾಕೆ ಬೇಕಿತ್ತು?

ನಾನು ಸಹಿ ಹಾಕಿದೆ. ಹೆಬ್ಬೆಟ್ಟನ್ನೂ ಒತ್ತಿದೆ. ಎಂ.ಎ. ಓದಿದವಳು, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುವವಳು. ಅದೇ ವರ್ಷ ಅಂತಿಮ ಬಿ.ಎ. ಹುಡುಗಿಯರಿಗೆ ವರ್ಜೀನಿಯಾ ವುಲ್ಫಳ ಬಗ್ಗೆ ಹೇಳುತ್ತಾ, ಬರೆಯುವ ಹೆಣ್ಣಿಗೆ ಸ್ವಂತದ್ದೊಂದು ಕೋಣೆ ಮತ್ತು ವರ್ಷಕ್ಕೆ 500 ಪೌಂಡು ಬೇಕೆಂದು ಅವಳು 1929ರಲ್ಲೇ ಲೆಕ್ಕ ಹಾಕಿದ್ದಳು ಎಂದು ವಿವರಿಸಿದ್ದೆ. ವರ್ಷಕ್ಕೆ ಎಂಬ ಮಾತಿನ ಅರ್ಥ ಮಾತ್ರ ನನ್ನ ತಲೆಗೇ ಹೊಕ್ಕಿರಲಿಲ್ಲ. ಒಂದೇ ಸಲಕ್ಕೆ ಕೈಗಿಟ್ಟು ಕಳಿಸುವ ದುಡ್ಡು ಬೇರೆ, ವರ್ಷವರ್ಷವೂ ನನ್ನದೇ ಹಕ್ಕಿನಿಂದ ಬರುವ ದುಡ್ಡು ಬೇರೆ. ಈ ವ್ಯತ್ಯಾಸವನ್ನು ನನಗೆ ಸರಿಯಾಗಿ ಕಲಿಸಿದವಳು, ನಾನು ನಿವೃತ್ತಿಯ ಅಂಚಿನಲ್ಲಿದ್ದಾಗ, ಲಂಡನ್ನಿನ ಒಬ್ಬ ಟೆಲಿವಿಷನ್ ಹಾಸ್ಯನಟಿ. ಅವಳ ಹೆಸರು ಮಿಕೇಲಾ ಕೋಲ್.

2020ರ ಜುಲೈನಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಅವಳ ಸಂದರ್ಶನವನ್ನು ನನಗೆ ಕಳಿಸಿದವಳು ನನ್ನ ದೊಡ್ಡ ತಮ್ಮನ ಮಗಳೇ. "ಅತ್ತೆ, ಇದನ್ನ ಓದಿ, ನಿಮ್ಮ ಬಳಗದವರಿಗೂ ಓದಿಸಿ" ಎಂದಳು. ಓದಿಸಿದೆ. ನಮ್ಮ ಬಳಗದ ಹಿರಿಯರೊಬ್ಬರು, "ವರದಕ್ಷಿಣೆ, ಹೊಡೆತ, ಸುಟ್ಟ ಗಾಯ ಅಂತ ನಾವು ಒದ್ದಾಡ್ತಿದ್ದೀವಿ. ಟೀವಿಯಲ್ಲಿ ನಗಿಸೋಳ ಕಥೆಗೂ ನಮಗೂ ಏನ್ರೀ ಸಂಬಂಧ?" ಎಂದು ಬದಿಗಿಟ್ಟರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಹೇಳುವುದಕ್ಕೇ ಈ ಲೇಖನ.

ಮೊದಲು ಅವಳು ಯಾರು ಎಂಬುದನ್ನು ನೋಡೋಣ. ಮಿಕೇಲಾ ಹುಟ್ಟಿದ್ದು 1987ರಲ್ಲಿ, ಲಂಡನ್ನಿನಲ್ಲಿ. ತಂದೆ ತಾಯಿ ಘಾನಾ ದೇಶದ ಮೂಲದವರು. ಅವಳು ಹುಟ್ಟುವ ಮೊದಲೇ ಅವರಿಬ್ಬರೂ ಬೇರೆಯಾಗಿದ್ದರು. ಅವಳನ್ನೂ ಅಕ್ಕನನ್ನೂ ತಾಯಿಯೇ ದುಡಿದು ಸಾಕಿದರು. ಸರಕಾರಿ ವಸತಿಯ ಬಡ ಮನೆ. ವಿಶ್ವವಿದ್ಯಾಲಯ ಸೇರಿ, ಓದನ್ನು ಅರ್ಧಕ್ಕೆ ಬಿಟ್ಟು, ಕವಿತೆ ಓದುವ ವೇದಿಕೆಗಳಲ್ಲಿ ನಿಂತು, ಕೊನೆಗೆ ಗಿಲ್ಡ್‌ಹಾಲ್ ಎಂಬ ಹೆಸರಾಂತ ನಾಟಕಶಾಲೆಗೆ ಸೇರಿದಳು. 2012ರಲ್ಲಿ ಅಲ್ಲಿಂದ ಹೊರಬೀಳುವಾಗ 'ಚ್ಯೂಯಿಂಗ್ ಗಮ್ ಡ್ರೀಮ್ಸ್' ಎಂಬ ಏಕವ್ಯಕ್ತಿ ನಾಟಕ ಬರೆದು ತಾನೇ ಆಡಿದಳು. ಸಣ್ಣ ರಂಗಮಂದಿರದಲ್ಲಿ ಶುರುವಾದ ಅದು 2014ರಲ್ಲಿ ಅಲ್ಲಿನ ನ್ಯಾಷನಲ್ ಥಿಯೇಟರ್ ಮುಟ್ಟಿತು.

ಆ ನಾಟಕವೇ 2015ರಲ್ಲಿ 'ಚ್ಯೂಯಿಂಗ್ ಗಮ್' ಎಂಬ ಹಾಸ್ಯ ಧಾರಾವಾಹಿಯಾಯಿತು. ಅದರ ಬರವಣಿಗೆ ಅವಳದೇ, ಮುಖ್ಯ ಪಾತ್ರವೂ ಅವಳದೇ. ಟ್ರೇಸಿ ಎಂಬ 24 ವರ್ಷದ ಹುಡುಗಿ. ಕಟ್ಟಾ ಧಾರ್ಮಿಕ ಮನೆಯಲ್ಲಿ ಬೆಳೆದವಳು. ತನ್ನ ದೇಹದ ಬಗ್ಗೆ ಕುತೂಹಲವಿದ್ದರೂ ಯಾರನ್ನು ಏನು ಕೇಳಬೇಕೆಂದು ತಿಳಿಯದವಳು. ಆಸೆ ಪಡುವ ಹೆಣ್ಣನ್ನು ಕಂಡು ನಾವು ನಗುವುದು ಹೊಸತಲ್ಲ. ಆಸೆ ಪಡುವ ಹೆಣ್ಣೇ ಕ್ಯಾಮೆರಾದ ಕಡೆ ತಿರುಗಿ, ನಮ್ಮನ್ನು ತನ್ನ ಜೊತೆ ನಗಿಸುವುದು ಹೊಸತು. 2016ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಅತ್ಯುತ್ತಮ ಹಾಸ್ಯನಟಿಯೆಂದು ಅವಳಿಗೆ ಬಂತು, ಹೊಸ ಪ್ರತಿಭೆಯೆಂದು ಇನ್ನೊಂದೂ ಬಂತು. ಆ ಸಮಾರಂಭಕ್ಕೆ ಅವಳು ಉಟ್ಟುಕೊಂಡು ಹೋದದ್ದು ತಾಯಿ ಹೊಲಿದುಕೊಟ್ಟ ಘಾನಾ ಬಟ್ಟೆಯ ಉಡುಪನ್ನು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸಾಧಕಿಯರ ಪರಿಚಯವಾಗುತ್ತದೆ. ಮುಂದಿನದನ್ನು ಕೇಳಿ.

2018ರ ಆಗಸ್ಟಿನಲ್ಲಿ ಎಡಿನ್‌ಬರೋ ನಗರದ ಟೆಲಿವಿಷನ್ ಉತ್ಸವದಲ್ಲಿ ಮ್ಯಾಕ್‌ಟ್ಯಾಗರ್ಟ್ ಉಪನ್ಯಾಸ ಕೊಡಲು ಅವಳನ್ನು ಕರೆದರು. ಅದು 1976ರಿಂದ ನಡೆದು ಬಂದ ಉಪನ್ಯಾಸ, ವಾಹಿನಿಗಳ ಒಡೆಯರೂ ಅಧಿಕಾರಿಗಳೂ ಮಾತಾಡುವ ಜಾಗ. ಅಲ್ಲಿ ನಿಂತ ಮೊದಲ ಕಪ್ಪು ಮಹಿಳೆ ಇವಳು. ಚಿತ್ರೀಕರಣದ ಜಾಗದಲ್ಲಿ ಕಪ್ಪು ವರ್ಣದ ಐವರು ನಟರನ್ನು ಒಂದು ಸಣ್ಣ ಗಾಡಿಯೊಳಗೆ ತುರುಕಿ, ಬಿಳಿಯ ನಟಿಯೊಬ್ಬಳಿಗೆ ಪ್ರತ್ಯೇಕ ಗಾಡಿ ಕೊಟ್ಟದ್ದನ್ನು ಹೇಳಿದಳು. ಅದನ್ನು ಗುಲಾಮರನ್ನು ಸಾಗಿಸುತ್ತಿದ್ದ ಹಡಗಿಗೆ ಹೋಲಿಸಿದಳು. ಆಮೇಲೆ ತನ್ನ ಮೇಲೆ ನಡೆದದ್ದನ್ನು ಹೇಳಿದಳು. ಧಾರಾವಾಹಿಯ ಎರಡನೆಯ ಸರಣಿ ಬರೆಯುತ್ತಿದ್ದ ಕಾಲ. ಬೆಳಗಿನ 7 ಗಂಟೆಗೆ ಒಂದು ಕಂತು ಒಪ್ಪಿಸಬೇಕಾಗಿತ್ತು. ರಾತ್ರಿಯಿಡೀ ನಿರ್ಮಾಣ ಸಂಸ್ಥೆಯ ಕಚೇರಿಯಲ್ಲಿ ಕೂತು ಬರೆಯುತ್ತಿದ್ದವಳು ಸ್ವಲ್ಪ ಬಿಡುವು ಮಾಡಿಕೊಂಡು ಸ್ನೇಹಿತನೊಬ್ಬನನ್ನು ಕಾಣಲು ಹೊರಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ ಪ್ರಜ್ಞೆ ಬಂದಾಗ ಅವಳು ಅದೇ ಕಚೇರಿಯಲ್ಲಿ ಟೈಪ್ ಮಾಡುತ್ತಾ ಕೂತಿದ್ದಳು. ನಡುವಿನ ಸಮಯ ನೆನಪಿನಲ್ಲಿಲ್ಲ. ಆಮೇಲೆ ಒಂದೊಂದೇ ಚಿತ್ರ ಕಣ್ಣ ಮುಂದೆ ಬಂತು. ಅಪರಿಚಿತರು ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದರು.

ಗೆಳತಿಯರೇ, ಪ್ರಜ್ಞೆ ಬಂದಾಗ ಅವಳು ಕೆಲಸ ಮಾಡುತ್ತಿದ್ದಳು ಎಂಬುದನ್ನು ಇನ್ನೊಮ್ಮೆ ಓದಿ. ರಾತ್ರಿ ಗಂಡನ ಕೈಲಿ ಹೊಡೆತ ತಿಂದು ಬೆಳಗ್ಗೆ ಎದ್ದು ಮಕ್ಕಳ ಡಬ್ಬಿ ಕಟ್ಟುವ ಹೆಣ್ಣನ್ನು ನಾವೆಲ್ಲರೂ ಬಲ್ಲೆವು. ನನ್ನ ಸಹೋದ್ಯೋಗಿಯೊಬ್ಬರು ಬಾವು ಬಂದ ಕೆನ್ನೆಗೆ ಪೌಡರು ಹಚ್ಚಿಕೊಂಡು ಮೊದಲ ಪೀರಿಯಡ್ಡಿಗೆ ಸರಿಯಾಗಿ ಹಾಜರಾಗುತ್ತಿದ್ದರು. ನಮ್ಮೆಲ್ಲರಿಗಿಂತ ಹೆಚ್ಚು ನಗಿಸುತ್ತಿದ್ದವರೂ ಅವರೇ. ನಗುವವರಿಗೆ ನೋವಿಲ್ಲ ಎಂದು ನಾವು ಭಾವಿಸಿದ್ದೆವು. ಅಷ್ಟೇ ಅಲ್ಲ, ನಮ್ಮ ಬಳಗಕ್ಕೆ ದೂರು ಹೇಳಲು ಬಂದ ಹುಡುಗಿಯೊಬ್ಬಳು ತನ್ನ ಅತ್ತೆ ಮನೆಯ ಕಥೆಯನ್ನು ನಗುನಗುತ್ತಾ ಹೇಳಿದಾಗ, ಇದು ಪೂರ್ತಿ ನಿಜವಿರಲಾರದು ಎಂದು ನಾನೇ ಒಳಗೊಳಗೆ ಅನುಮಾನಿಸಿದ್ದೆ. ಹೆಣ್ಣು ತನ್ನ ಕಷ್ಟವನ್ನು ಅತ್ತೇ ಹೇಳಬೇಕೆಂದು ಆಜ್ಞೆ ಮಾಡಲು ನಾವು ಯಾರು? ಅಳು ಬರುವವಳು ಅಳಲಿ, ನಗು ಬರುವವಳು ನಗಲಿ. ಕೇಳುವುದಷ್ಟೇ ನಮ್ಮ ಕೆಲಸ.

ಈಗ ದುಡ್ಡಿನ ಮಾತಿಗೆ ಬರೋಣ. ತನ್ನ ಮೇಲೆ ನಡೆದ ದೌರ್ಜನ್ಯದ ಸುತ್ತ ಒಂದು ಹೊಸ ಧಾರಾವಾಹಿ ಬರೆಯಬೇಕೆಂದು ಮಿಕೇಲಾ ಹೊರಟಾಗ, 2017ರಲ್ಲಿ, ನೆಟ್‌ಫ್ಲಿಕ್ಸ್ ಕಂಪನಿ ಅವಳಿಗೆ 10 ಲಕ್ಷ ಡಾಲರ್ ಕೊಡಲು ಮುಂದೆ ಬಂತು. ಅಂದಿನ ಲೆಕ್ಕದಲ್ಲಿ ಸುಮಾರು ಆರೂವರೆ ಕೋಟಿ ರೂಪಾಯಿ. ಆದರೆ ಕೃತಿಸ್ವಾಮ್ಯದಲ್ಲಿ ಅವಳಿಗೆ ಪಾಲಿಲ್ಲ. ಕಥೆ ಪೂರ್ತಿ ಕಂಪನಿಯದು. ಆಗಿನ್ನೂ ಮೂವತ್ತರ ಆಸುಪಾಸಿನ ಹುಡುಗಿ ಅವಳು. ಶೇಕಡಾ 5ರಷ್ಟು ಹಕ್ಕನ್ನಾದರೂ ನನಗೆ ಉಳಿಸಿ ಎಂದು ಫೋನಿನಲ್ಲಿ ಕೇಳಿದಳು. ಆ ಕಡೆ ಮೌನ. ಇಲ್ಲಿ ಹಾಗೆಲ್ಲ ಪದ್ಧತಿಯಿಲ್ಲ ಎಂಬ ಉತ್ತರ. ಶೇಕಡಾ 2 ಎಂದಳು, 1 ಎಂದಳು, ಕೊನೆಗೆ ಅರ್ಧ ಎಂದಳು. ಆ ಕಡೆಯಿದ್ದ ಅಧಿಕಾರಿಯೂ ಹೆಂಗಸೇ. ಮೇಲಿನವರನ್ನು ಕೇಳಬೇಕು ಎಂದು ಹೇಳಿದ ಆಕೆ, ನಾನು ಈ ಕಂಪನಿಯ ನೌಕರಳು, ಆದರೂ ನೀನು ಮಾಡುತ್ತಿರುವುದನ್ನು ಕಂಡು ಹೆಮ್ಮೆಯಾಗುತ್ತಿದೆ ಎಂಬರ್ಥದ ಮಾತನ್ನೂ ಮೆಲ್ಲಗೆ ಸೇರಿಸಿದಳಂತೆ. ಮಿಕೇಲಾ ಆ 10 ಲಕ್ಷ ಡಾಲರನ್ನು ಬೇಡವೆಂದಳು. ಆ ವ್ಯವಹಾರ ಕುದುರಿದರೆ ತನ್ನ ಅಮೆರಿಕದ ಏಜೆಂಟರಿಗೂ ಬೇರೆ ದಾರಿಯಿಂದ ಹಣ ಸಿಗಲಿತ್ತೆಂದು ತಿಳಿದಾಗ ಅವರನ್ನೂ ಬಿಟ್ಟಳು.

ಅರ್ಧ ಪರ್ಸೆಂಟು! ಅದರಿಂದ ಅವಳಿಗೆ ಬರಬಹುದಾಗಿದ್ದ ಹಣ ಎಷ್ಟು ಎಂಬುದು ಇಲ್ಲಿ ಮುಖ್ಯವಲ್ಲ. ಅಷ್ಟು ದೊಡ್ಡ ಕಂಪನಿ ಅಷ್ಟು ಸಣ್ಣ ಪಾಲಿಗೆ ಯಾಕೆ ಹೆದರಿತು ಎಂಬುದು ಮುಖ್ಯ. ಪಾಲು ಎಷ್ಟೇ ಸಣ್ಣದಿರಲಿ, ಅದನ್ನು ಹಿಡಿದವಳು ಎದುರು ಕೂತು ಲೆಕ್ಕ ಕೇಳಬಲ್ಲಳು. ಇಡಿಗಂಟು ತೆಗೆದುಕೊಂಡವಳು ಮನೆಗೆ ಹೋಗಬೇಕು. ನನ್ನ ತಮ್ಮಂದಿರು ನನಗೆ 25,000 ರೂಪಾಯಿ ಕೊಟ್ಟದ್ದು ಅದಕ್ಕೇ. ಅವರು ಕೆಟ್ಟವರಲ್ಲ; ಹಬ್ಬಕ್ಕೆ ಕರೆಯುತ್ತಾರೆ, ಸೀರೆ ಉಡಿಸುತ್ತಾರೆ. ಲೆಕ್ಕ ಮಾತ್ರ ನಾನು ಕೇಳುವ ಹಾಗಿಲ್ಲ.

"ಹುಡುಗಿಯ ಪಾಲನ್ನೇ ಮದುವೆಯಲ್ಲಿ ಕೊಟ್ಟಾಯ್ತಲ್ಲ" ಎಂದು ವರದಕ್ಷಿಣೆಯನ್ನು ಸಮರ್ಥಿಸುವ ವಿದ್ಯಾವಂತರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರಿಗೆ ನಾನು ಕೇಳುವುದಿಷ್ಟೆ: ಅದು ಪಾಲಾಗಿದ್ದರೆ ಅವಳ ಹೆಸರಿನಲ್ಲಿ ಯಾಕಿಲ್ಲ? ಅದು ವರನ ಕೈಗೆ ಯಾಕೆ ಹೋಯಿತು? ಪಾಲು ಕೊಟ್ಟಮೇಲೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಯಾಕೆ ಬೇಕು? ಇಡಿಗಂಟನ್ನು ಪಾಲೆಂದು ಕರೆಯುವುದು ಹೆಣ್ಣಿಗೆ ಹೇಳುವ ಹಳೆಯ ಸುಳ್ಳು. ಲಂಡನ್ನಿನಲ್ಲಾಗಲಿ ನಮ್ಮೂರಿನಲ್ಲಾಗಲಿ, ಆ ಸುಳ್ಳಿನ ವ್ಯಾಕರಣ ಒಂದೇ.

"ಅವಳಿಗೇನು, ಹೆಸರು ಮಾಡಿದ್ದಳು, ಬೇಡವೆನ್ನುವ ಶಕ್ತಿ ಇತ್ತು. ಹೊಟ್ಟೆಗಿಲ್ಲದವಳು ಏನು ಮಾಡಬೇಕು?" ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಹಸಿದವಳು ಇಡಿಗಂಟು ತೆಗೆದುಕೊಂಡರೆ ಅದು ಅವಳ ತಪ್ಪಲ್ಲ. ಆದರೆ ಬೇಡವೆನ್ನಬಲ್ಲವರೂ ಬೇಡವೆನ್ನದಿದ್ದರೆ ಪದ್ಧತಿ ಬದಲಾಗುವುದು ಯಾವಾಗ? ನನಗೆ ಸಂಬಳವಿತ್ತು, ನೌಕರಿಯ ಭದ್ರತೆಯಿತ್ತು. ನಾನು ಬೇಡವೆನ್ನಬಹುದಿತ್ತು. ಒಳ್ಳೆಯ ಅಕ್ಕ ಎನಿಸಿಕೊಳ್ಳುವ ಆಸೆಗೆ ಸಹಿ ಹಾಕಿದೆ.

ಬೇಡವೆಂದ ಮಿಕೇಲಾ ಮುಳುಗಲಿಲ್ಲ. ಅದೇ 2017ರಲ್ಲಿ ಅವಳು ಬಿಬಿಸಿಯ ಬಾಗಿಲು ತಟ್ಟಿದಳು. ಹಕ್ಕೂ ಅವಳದು, ಹೇಗೆ ಹೇಳಬೇಕೆಂಬ ನಿರ್ಧಾರವೂ ಅವಳದು ಎಂದು ಅವರು ಒಪ್ಪಿದರು. ಅಮೆರಿಕದ ಎಚ್‌ಬಿಒ ಕೂಡ ಜೊತೆಯಾಯಿತು. ಅವಳು 191 ಕರಡು ಬರೆದಳು. 2020ರ ಜೂನಿನಲ್ಲಿ 'ಐ ಮೇ ಡಿಸ್ಟ್ರಾಯ್ ಯು' ಎಂಬ 12 ಕಂತುಗಳ ಧಾರಾವಾಹಿ ಬಂತು. ಬರವಣಿಗೆ, ಮುಖ್ಯ ಪಾತ್ರ ಅವಳದು. ಸ್ಯಾಮ್ ಮಿಲ್ಲರ್ ಎಂಬುವರ ಜೊತೆ ನಿರ್ದೇಶನವೂ ಅವಳದು. ಅತ್ಯಾಚಾರದ ಕಥೆಯ ನಡುವೆ ನಗು ಬರುತ್ತದೆ. ನಕ್ಕ ಮರುಕ್ಷಣ ಗಂಟಲು ಕಟ್ಟುತ್ತದೆ.

ಹಕ್ಕು ಕೈಯಲ್ಲಿದ್ದದ್ದರಿಂದ ಏನಾಯಿತು ಎಂಬುದನ್ನು ಗಮನಿಸಬೇಕು. ಅರಬೆಲ್ಲಾ ಎಂಬ ಬರಹಗಾರ್ತಿ ಇದರ ನಾಯಕಿ. ಅವಳು ದೇವತೆಯಲ್ಲ. ಕುಡಿಯುತ್ತಾಳೆ, ಕೆಲಸ ಮುಂದೂಡುತ್ತಾಳೆ, ಸ್ನೇಹಿತರನ್ನು ನೋಯಿಸುತ್ತಾಳೆ. ದೌರ್ಜನ್ಯಕ್ಕೊಳಗಾದವಳು ನಿಷ್ಕಳಂಕಳಾಗಿದ್ದರೆ ಮಾತ್ರ ನ್ಯಾಯಕ್ಕೆ ಅರ್ಹಳು ಎಂಬ ನಂಬಿಕೆಗೆ ಇದು ನೇರ ಪೆಟ್ಟು. ನಮ್ಮ ಪೊಲೀಸ್ ಠಾಣೆಗಳಲ್ಲಿ, ರಾಜಿ ಪಂಚಾಯಿತಿಗಳಲ್ಲಿ ಮೊದಲು ಕೇಳುವ ಪ್ರಶ್ನೆಯೇ "ಇವಳು ಹೇಗೆ?" ಎಂಬುದಲ್ಲವೆ? ಅರಬೆಲ್ಲಾಳ ದೂರನ್ನು ಇಬ್ಬರು ಮಹಿಳಾ ಅಧಿಕಾರಿಗಳು ಕಾಳಜಿಯಿಂದಲೇ ಬರೆದುಕೊಳ್ಳುತ್ತಾರೆ. ಆದರೂ ಕೊನೆಗೆ ಸಾಕ್ಷ್ಯವಿಲ್ಲವೆಂದು ಕಡತ ಮುಚ್ಚುತ್ತದೆ. ಅವಳ ಗೆಳೆಯ ಕ್ವಾಮೆ ಸಲಿಂಗಿ. ಅವನ ಮೇಲೂ ದೌರ್ಜನ್ಯ ನಡೆದಿರುತ್ತದೆ. ಅವನು ಠಾಣೆಗೆ ಹೋದರೆ ಎದುರು ಕೂತ ಅಧಿಕಾರಿಗೆ ಕೇಳಿಸಿಕೊಳ್ಳುವ ಮನಸ್ಸೇ ಇಲ್ಲ.

ಇನ್ನೊಂದು ಕಂತಿನಲ್ಲಿ ಝೈನ್ ಎಂಬ ಸಹ ಬರಹಗಾರ, ಅವಳು ಒಪ್ಪಿದ್ದ ಕೂಟದ ನಡುವೆ, ಅವಳಿಗೆ ತಿಳಿಯದಂತೆ ನಿರೋಧ್ ತೆಗೆದುಬಿಡುತ್ತಾನೆ. ಒಪ್ಪಿಗೆ ಒಮ್ಮೆ ಕೊಟ್ಟು ಮುಗಿಸುವಂಥದಲ್ಲ, ಶರತ್ತು ಬದಲಾದರೆ ಒಪ್ಪಿಗೆಯೂ ಬದಲಾಗುತ್ತದೆ ಎಂಬ ಪಾಠವನ್ನು ಅಷ್ಟು ಸರಳವಾಗಿ ನಾನು ಬೇರೆಲ್ಲೂ ಕಂಡಿಲ್ಲ. ಇದು ಆ ದೇಶದ ಮಾತಾಯಿತು. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮು, ಹೆಂಡತಿ 18 ದಾಟಿದವಳಾಗಿದ್ದರೆ ಗಂಡನ ಬಲಾತ್ಕಾರ ಅತ್ಯಾಚಾರವೇ ಅಲ್ಲ ಎಂಬ ಹಳೆಯ ವಿನಾಯಿತಿಯನ್ನು ಉಳಿಸಿಕೊಂಡಿದೆ. ಅಂದರೆ ತಾಳಿ ಕಟ್ಟಿದ ಕ್ಷಣದಲ್ಲಿ ಒಪ್ಪಿಗೆಯನ್ನೂ ಇಡಿಗಂಟಾಗಿ ಬರೆಸಿಕೊಂಡಾಯಿತು!

ಕೊನೆಯ ಕಂತಿನಲ್ಲಿ ಅರಬೆಲ್ಲಾ ತನ್ನ ಮೇಲೆ ಎರಗಿದವನನ್ನು ಮತ್ತೆ ಎದುರಾಗುವುದನ್ನು ಬೇರೆ ಬೇರೆ ರೀತಿಯಲ್ಲಿ ಕಲ್ಪಿಸಿಕೊಳ್ಳುತ್ತಾಳೆ. ಒಂದರಲ್ಲಿ ಸೇಡು, ಕೊಲೆ. ಇನ್ನೊಂದರಲ್ಲಿ ಅವನ ಅಳು. ಮತ್ತೊಂದರಲ್ಲಿ ಇಬ್ಬರ ಸ್ಥಾನವೇ ಅದಲುಬದಲು. ಕೊನೆಗೆ ಅವನನ್ನು ಹುಡುಕುತ್ತಾ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಉಳಿಯುತ್ತಾಳೆ. ಕಥೆಯನ್ನು ಕೊಂಡವನೊಬ್ಬ ಮೇಲೆ ಕೂತಿದ್ದರೆ ಇಂಥ ಮುಕ್ತಾಯಕ್ಕೆ ಬಿಡುತ್ತಿದ್ದನೆ? ಸೇಡನ್ನೋ ಕಣ್ಣೀರನ್ನೋ ಕೇಳುತ್ತಿದ್ದ ಎಂದು ನನಗೆ ಅನುಮಾನವಿಲ್ಲ. ಯಾವುದು ತನ್ನ ಕಥೆಯ ಕೊನೆ ಎಂದು ನಿರ್ಧರಿಸುವುದೂ ಆಸ್ತಿಯ ಹಕ್ಕೇ.

ಹಕ್ಕಿನ ಜೊತೆ ಹೊಣೆಯನ್ನೂ ಅವಳು ಹೊತ್ತಳು. ದೇಹದ ದೃಶ್ಯಗಳನ್ನು ಚಿತ್ರೀಕರಿಸುವಾಗ ನಟನಟಿಯರ ಒಪ್ಪಿಗೆ, ಗಡಿ, ಸುರಕ್ಷತೆಯನ್ನು ನೋಡಿಕೊಳ್ಳಲೆಂದೇ ಇಟಾ ಓಬ್ರಿಯನ್ ಎಂಬ ಮಹಿಳೆ ಅಲ್ಲಿದ್ದರು. 2021ರಲ್ಲಿ ಬಾಫ್ಟಾದ ಅತ್ಯುತ್ತಮ ನಟಿ ಪ್ರಶಸ್ತಿ ಬಂದಾಗ ಮಿಕೇಲಾ ಅದನ್ನು ಅವರಿಗೇ ಅರ್ಪಿಸಿದಳು. ಬರವಣಿಗೆಗೂ ನಿರ್ದೇಶನಕ್ಕೂ ಅದೇ ವರ್ಷ ಬಾಫ್ಟಾ ಬಂತು. ಅಮೆರಿಕದ ಗೋಲ್ಡನ್ ಗ್ಲೋಬ್ ಅವಳ ಧಾರಾವಾಹಿಯನ್ನು ಒಂದು ನಾಮನಿರ್ದೇಶನಕ್ಕೂ ಲೆಕ್ಕಿಸಲಿಲ್ಲ. ಆದರೆ 2021ರ ಸೆಪ್ಟೆಂಬರಿನಲ್ಲಿ ಕಿರು ಧಾರಾವಾಹಿಯ ಬರವಣಿಗೆಗಾಗಿ ಎಮ್ಮಿ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆ ಅವಳಾದಳು. ಲೈಂಗಿಕ ದೌರ್ಜನ್ಯವನ್ನು ದಾಟಿ ಬದುಕುಳಿದ ಪ್ರತಿಯೊಬ್ಬರಿಗೂ ಅದನ್ನು ಅರ್ಪಿಸಿದಳು.

ಬರೆಯುವವರ ಪಾಲಿನ ಬಗ್ಗೆ ನಮ್ಮ ದೇಶದಲ್ಲೂ ಕಾನೂನಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿ, ಚಲನಚಿತ್ರಕ್ಕೆ ಸೇರಿದ ಸಾಹಿತ್ಯ ಮತ್ತು ಸಂಗೀತದ ಕರ್ತೃಗಳು ಚಿತ್ರಮಂದಿರದ ಹೊರಗಿನ ಬಳಕೆಗೆ ಬರುವ ರಾಯಲ್ಟಿಯ ಪಾಲನ್ನು ಬಿಟ್ಟುಕೊಡುವಂತೆ ಬರೆಸಿಕೊಳ್ಳಲಾಗದು ಎಂದಿತು. ಕಾನೂನು ಕಾಗದದ ಮೇಲಿದ್ದರೆ ಸಾಲದು, ಕೇಳುವ ಗಂಟಲೂ ಬೇಕು. ಉತ್ತರಾಧಿಕಾರದ ಕಾನೂನೂ ಹಾಗೆಯೇ. 2005ರ ತಿದ್ದುಪಡಿ ಮದುವೆಯಾದ ಮಗಳನ್ನೂ ಸೇರಿಸಿಕೊಂಡಿತು, 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದು ಸ್ಪಷ್ಟಪಡಿಸಿತು. ಹಾಗಿದ್ದೂ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಅಕ್ಕತಂಗಿಯರನ್ನು ಕರೆತಂದು ನಿಲ್ಲಿಸುವುದು ನಿಂತಿಲ್ಲ.

ಕೊನೆಗೆ ನಮ್ಮೊಳಗಿನ ಮಾತು. ನಾವು ಹೋರಾಟದವರು ಈ ವಿಷಯದಲ್ಲಿ ಶುದ್ಧರೇನಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾವು ಒಂದು ವರದಕ್ಷಿಣೆ ಸಾವಿನ ಬಗ್ಗೆ ಬೀದಿ ನಾಟಕ ಆಡುತ್ತಿದ್ದೆವು. ಹೆಸರು ಬದಲಿಸಿದ್ದೆವು, ಉಳಿದದ್ದೆಲ್ಲ ಹಾಗೇ ಇತ್ತು. ಒಂದು ಸಂಜೆ ಆಟ ಮುಗಿದ ಮೇಲೆ ಸತ್ತ ಹುಡುಗಿಯ ತಾಯಿ ನನ್ನ ಹತ್ತಿರ ಬಂದು, "ನಮ್ಮ ಹುಡುಗಿ ಹಂಗೆ ಅಳೋಳಲ್ಲ ಕಣವ್ವಾ. ಬಲು ಜೋರು ಅವಳು, ಎಲ್ಲರನ್ನೂ ನಗಿಸೋಳು. ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಹುಡುಗಿಯ ಕಥೆಯಿಂದ ನಮಗೆ ಚಪ್ಪಾಳೆ ಬಂತು, ಹೆಸರು ಬಂತು. ಆ ತಾಯಿಗೆ ಬಂದದ್ದು ಏನು? ಅವಳ ನಗುವನ್ನೂ ನಾವು ಅಳಿಸಿ ಹಾಕಿದ್ದೆವು.

ಆದ್ದರಿಂದ ನಮ್ಮ ಹಿರಿಯರಿಗೆ ನನ್ನ ಉತ್ತರ ಇದು. ಟೀವಿಯಲ್ಲಿ ನಗಿಸುವವಳ ಕಥೆಗೂ ನಮಗೂ ಸಂಬಂಧವಿದೆ. ನೋವು ಯಾರದೋ ಅವಳ ಮಾತೇ ಕೊನೆಯ ಮಾತಾಗಬೇಕು ಎಂಬುದನ್ನು ಅವಳು ಆರೂವರೆ ಕೋಟಿ ಬಿಟ್ಟುಕೊಟ್ಟು ತೋರಿಸಿದಳು. ನಮ್ಮ ಪತ್ರಿಕೆಗಳಲ್ಲಿ, ವರದಿಗಳಲ್ಲಿ, ನಾಟಕಗಳಲ್ಲಿ ಯಾವ ಹೆಣ್ಣಿನ ಪ್ರಕರಣ ಬಂದರೂ ಅಚ್ಚಿಗೆ ಹೋಗುವ ಮೊದಲು ಅವಳಿಗೆ ಓದಿ ಹೇಳೋಣ. ತೆಗೆಯೆಂದರೆ ತೆಗೆಯೋಣ. ನಗುತ್ತಾ ಹೇಳಿದ್ದನ್ನು ನಗುತ್ತಲೇ ಬರೆಯೋಣ. ಅದರಿಂದ ನಾಲ್ಕು ಕಾಸು ಬಂದರೆ ಅವಳ ಪಾಲನ್ನು ಲೆಕ್ಕ ಸಹಿತ ಕೊಡೋಣ.

ನನ್ನ ತಮ್ಮನ ಮಗಳ ಮದುವೆಯ ಮಾತುಕತೆ ಕಳೆದ ವರ್ಷ ನಡೆಯಿತು. "ಇವಳಿಗೆ ಕೊಡೋದನ್ನೆಲ್ಲ ಈಗಲೇ ಕೊಟ್ಟುಬಿಡ್ತೀವಿ" ಎಂದು ಅವಳಪ್ಪ ಹೇಳಿದಾಗ, "ಕೊಡೋದು ಬೇಡಪ್ಪ, ನನ್ನ ಪಾಲು ನನ್ನ ಹೆಸರಲ್ಲಿ ಇರಲಿ" ಎಂದಳು. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ನನ್ನ ತಮ್ಮ ನನ್ನ ಮುಖ ನೋಡಿದ. 1997ರಲ್ಲಿ ಬಾರದಿದ್ದ ಮಾತು ಆಗ ನನ್ನ ಬಾಯಿಗೆ ಬಂತು. "ಅವಳು ಕೇಳ್ತಿರೋದು ನ್ಯಾಯ ಕಣೋ" ಎಂದೆ.